ಗೆರೆ ಕಾಯುವ ಕೆಲಸ

ಉಪ್ಪಳದ ಗದ್ದೆಯ ಫುಟ್ಬಾಲಿನಲ್ಲಿ ನನ್ನನ್ನು ಬ್ಯಾಕ್, ಎಂದರೆ ಗೋಲು ಕಾಯಲು ಹಿಂದೆ ನಿಲ್ಲುವ ಡಿಫೆಂಡರ್ ಆಗಿ, ನಿಲ್ಲಿಸಿದ್ದು ಎತ್ತರ ಇದ್ದೇನೆ ಎಂಬ ಒಂದೇ ಕಾರಣಕ್ಕೆ. ಕೊಯ್ಲು ಮುಗಿದ ಗದ್ದೆಯನ್ನು ಸಮ ಮಾಡಿ, ಕಂಗಿನ (ಅಡಕೆ) ಮರ ಕಟ್ಟಿ ಗ್ಯಾಲರಿ ಎಬ್ಬಿಸಿ, ರಾತ್ರಿ ಲೈಟು ಹಾಕಿ ಸೆವೆನ್ಸ್ ಆಡಿಸುವುದು ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಹೊಸತಲ್ಲ. ತಂಡಕ್ಕೆ ಏಳು ಜನ, ಆಫ್‌ಸೈಡ್ ಇಲ್ಲ. ಎದುರಿನ ಫಾರ್ವರ್ಡ್ ನಮ್ಮ ಗೋಲಿಯ ಪಕ್ಕದಲ್ಲೇ ಹೋಗಿ ನಿಂತರೂ ಕೇಳುವವರಿಲ್ಲ. ಬ್ಯಾಕ್ ಆದವನು ಅವನ ಬೆನ್ನು ಬಿಡಬಾರದು, ಅಷ್ಟೇ. ಇಪ್ಪತ್ತನೇ ವಯಸ್ಸಿನವರೆಗೆ ನಾನು ಕಲಿತ ಫುಟ್ಬಾಲ್ ಇದು.

2011ರಲ್ಲಿ ಬೆಂಗಳೂರಿನ ಡಿವಿಷನ್ ಲೀಗಿನ ಒಂದು ತಂಡ ನನ್ನನ್ನು ತೆಗೆದುಕೊಂಡಿತು. ಮೊದಲ ಪಂದ್ಯದಲ್ಲೇ ಎರಡು ಗೋಲು ನನ್ನಿಂದ ಹೋಯಿತು. ಫಾರ್ವರ್ಡ್ ಓಡಿದ, ಅಭ್ಯಾಸಬಲದಿಂದ ನಾನೂ ಬೆನ್ನು ಹತ್ತಿದೆ. ಉಳಿದ ಮೂವರು ಬ್ಯಾಕ್‌ಗಳು ಮುಂದೆಯೇ ನಿಂತಿದ್ದರು. ಹಿಂದಿನಿಂದ ಎಣಿಸಿದರೆ ಗೋಲಿ ಒಬ್ಬ, ಎರಡನೆಯವನು ನಾನು. ಆಫ್‌ಸೈಡ್ ಗೆರೆ ಬೀಳುವುದು ಆ ಎರಡನೆಯವನ ಮೇಲೆ; ಪಾಸ್ ಕೊಡುವಾಗ ಆ ಗೆರೆ ದಾಟಿ ನಿಂತ ಎದುರಾಳಿ ಆಫ್‌ಸೈಡ್, ಅವನು ಆಡುವಂತಿಲ್ಲ. ನಾನೊಬ್ಬ ಕೆಳಗೆ ಉಳಿದದ್ದರಿಂದ ಎದುರಾಳಿಗಳೆಲ್ಲ ಆನ್‌ಸೈಡ್ ಆದರು. ಲೈನ್ಸ್‌ಮನ್ ಬಾವುಟ ಎತ್ತಲಿಲ್ಲ.

ಮರುದಿನ ಬೆಳಗ್ಗೆ ಕೋಚ್ ಒಂದು ಹಗ್ಗ ತಂದರು. ನಾಲ್ವರು ಬ್ಯಾಕ್‌ಗಳ ಸೊಂಟಕ್ಕೂ ಅದೇ ಹಗ್ಗ, ಇಬ್ಬರ ನಡುವೆ ಎಂಟು ಹತ್ತು ಹೆಜ್ಜೆ ಅಂತರ. ಚೆಂಡು ಬಲಕ್ಕೆ ಹೋದರೆ ನಾಲ್ವರೂ ಬಲಕ್ಕೆ, ಎದುರಿನವನು ಹಿಂದಕ್ಕೆ ಪಾಸ್ ಕೊಟ್ಟರೆ ನಾಲ್ವರೂ ಮೇಲಕ್ಕೆ. ಒಬ್ಬ ತಡ ಮಾಡಿದರೂ ಉಳಿದವರ ಹೊಟ್ಟೆಗೆ ಹಗ್ಗ ಬಿಗಿಯುತ್ತಿತ್ತು. ಮೂರು ವಾರ ಆ ಜಾಗ ಕೆಂಪಗೆ ತರಚಿಕೊಂಡಿತ್ತು, ಸ್ನಾನಕ್ಕೆ ನೀರು ಹಾಕಿದರೆ ಉರಿ. ನಾಲ್ಕನೇ ವಾರ ಹಗ್ಗ ಬಿಚ್ಚಿದರು. ಬಿಚ್ಚಿದ ಮೇಲೂ ಪಕ್ಕದವನು ಎಲ್ಲಿದ್ದಾನೆಂದು ನನ್ನ ಸೊಂಟಕ್ಕೆ ತಿಳಿಯುತ್ತಿತ್ತು.

ಇನ್ನೊಂದು ತೊಡಕು ಮಾತಿನದು. ರೈಟ್ ಬ್ಯಾಕ್ ಹಲಸೂರಿನ ಗೌತಮಪುರದವನು, ತಮಿಳು. ನನ್ನ ಜೊತೆಯ ಸ್ಟಾಪರ್, ಎಂದರೆ ನಡುವಿನ ಬ್ಯಾಕ್, ಮಲಪ್ಪುರದವನು. ಲೆಫ್ಟ್ ಬ್ಯಾಕ್ ಮಣಿಪುರದವನು. ಕಾಸರಗೋಡಿನವನಿಗೆ ಮೂರು ನಾಲ್ಕು ಭಾಷೆ ದೊಡ್ಡದಲ್ಲ, ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಗೆಳೆಯರೊಡನೆ ತುಳು. ಆದರೆ ಚೆಂಡು ಗಾಳಿಯಲ್ಲಿರುವಾಗ ಯಾವ ಭಾಷೆಯಲ್ಲಿ ಕೂಗುವುದೆಂದು ಯೋಚಿಸುವಷ್ಟು ಪುರುಸೊತ್ತಿರುವುದಿಲ್ಲ. ಕೊನೆಗೆ "ಏರು" ಎಂಬುದೊಂದನ್ನು ಗಟ್ಟಿ ಮಾಡಿಕೊಂಡೆವು. ಕನ್ನಡಕ್ಕೂ ಆಯಿತು, ತಮಿಳಿಗೂ ಆಯಿತು, ಮಣಿಪುರದವನು ಎರಡೇ ದಿನದಲ್ಲಿ ಕಲಿತ. ಸ್ಟಾಪರ್ ಆದವನು ತೊಂಬತ್ತು ನಿಮಿಷವೂ ಮಾತಾಡುತ್ತಿರಬೇಕು. ನನಗೆ ಕಾಲಿನಿಂದ ಸಿಕ್ಕಿದ್ದಕ್ಕಿಂತ ಹೆಚ್ಚು ಸಂಬಳ ಗಂಟಲಿನಿಂದ ಸಿಕ್ಕಿದೆ ಎಂದೇ ನಂಬಿದ್ದೇನೆ.

ಸಂಬಳದ ವಿಷಯ ಹೇಳದಿದ್ದರೆ ಮಾತು ಪೂರ್ತಿಯಾಗದು. ಕರಾರು ಒಂದೊಂದು ಸೀಸನ್ನಿಗೆ ಮಾತ್ರ. ಒಂದು ಕ್ಲಬ್ಬು ಕೊನೆಯ ಎರಡು ತಿಂಗಳದ್ದು ಕೊಡಲೇ ಇಲ್ಲ. ಊರಿನ ಸೆವೆನ್ಸ್‌ನಲ್ಲಾದರೆ ಆಟ ಮುಗಿದ ರಾತ್ರಿಯೇ ಕೈಗೆ ಕಾಸು, ಆದರೆ ಕಾಲು ಮುರಿದುಕೊಂಡೀರಿ ಎಂದು ಕ್ಲಬ್ಬಿನವರು ಅಲ್ಲಿ ಆಡಬಿಡುತ್ತಿರಲಿಲ್ಲ. ಅಮ್ಮ ಫೋನಿನಲ್ಲಿ, "ಅಡಕೆ ಸುಲಿಯಲಿಕ್ಕೆ ಜನ ಇಲ್ಲ ಮಗಾ, ನೀನು ಅಲ್ಲಿ ಎಂತ ಮಾಡ್ತಾ ಇದ್ದಿ?" ಎಂದಾಗ ಉತ್ತರ ಹೊಳೆಯುತ್ತಿರಲಿಲ್ಲ.

2016ರ ಡಿಸೆಂಬರ್ 18ರಂದು ಕೊಚ್ಚಿಯಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, ಕೇರಳ ಬ್ಲಾಸ್ಟರ್ಸ್‌ಗೂ ಕೋಲ್ಕತದ ತಂಡಕ್ಕೂ. ನಮ್ಮ ಜಿಲ್ಲೆಯ ತೃಕ್ಕರಿಪುರದ ಮೊಹಮ್ಮದ್ ರಾಫಿ ಕೇರಳ ಬ್ಲಾಸ್ಟರ್ಸ್‌ಗೆ ಹೆಡ್ ಮಾಡಿ ಗೋಲು ಹೊಡೆದಾಗ ರೂಮಿನಲ್ಲಿದ್ದವರೆಲ್ಲ ಕುಣಿದರು, ನಾನೂ ಕುಣಿದೆ. ಆದರೆ ಮನಸ್ಸಿನಲ್ಲಿ ಉಳಿದಿರುವುದು ಹಾಫ್‌ಟೈಮಿಗೆ ಮೊದಲು ಕೋಲ್ಕತದ ಡಿಫೆಂಡರ್ ಸೆರೆನೊ ಹೆಡ್ ಮಾಡಿ ಸಮ ಮಾಡಿದ ಗೋಲು. ಅವನನ್ನು ಯಾರು ಕಾಯಬೇಕಿತ್ತು ಎಂದು ರಾತ್ರಿಯಿಡೀ ಲೆಕ್ಕ ಹಾಕಿದೆ. ಪೆನಾಲ್ಟಿಯಲ್ಲಿ ಬ್ಲಾಸ್ಟರ್ಸ್ ಸೋತಿತು.

2018ರಲ್ಲಿ ಮೊಣಕಾಲು ಸಾಕು ಎಂದಿತು, ಊರಿಗೆ ಬಂದೆ. ಈಗ ಸಂಜೆ ತೋಟದ ಕೆಲಸ ಮುಗಿಸಿ ಹನ್ನೆರಡು ಹುಡುಗರಿಗೆ ಆಟ ಹೇಳಿಕೊಡುತ್ತೇನೆ. ಹಗ್ಗ ಬಾವಿಯದೇ, ಒರಟು, ಆದ್ದರಿಂದ ಒಳಗೆ ಹಳೆಯ ಬೈರಾಸು (ಟವೆಲ್) ಸುತ್ತಿ ಕಟ್ಟುತ್ತೇನೆ. ಎಡಗಡೆಯ ಹುಡುಗ ಇನ್ನೂ ಚೆಂಡು ಕಂಡರೆ ಓಡಿಬಿಡುತ್ತಾನೆ. ಅವನಿಗೆ ಇನ್ನೊಂದು ವಾರ ಹಗ್ಗ ಬಿಚ್ಚುವುದಿಲ್ಲ.