ಬ್ರಿಟನ್‌ನಲ್ಲಿ ಪಾರ್ಕಿಂಗ್ ದಂಡ: ಬೋರ್ಡೇ ಸರಿ ಇಲ್ಲದಿದ್ದರೆ ಏನು ಮಾಡಬೇಕು?

ಕಾರಿನ ಗಾಜಿನ ಮೇಲೆ ಪೆನಾಲ್ಟಿ ಚಾರ್ಜ್ ನೋಟಿಸ್ (ಪಿಸಿಎನ್, ಅಂದರೆ ದಂಡದ ಚೀಟಿ) ಕಂಡ ತಕ್ಷಣ ನಮ್ಮವರು ಬಹಳ ಜನ ಫೋನ್ ತೆಗೆದು ದುಡ್ಡು ಕಟ್ಟಿಬಿಡುತ್ತಾರೆ. ಪರದೇಶ, ಯಾಕೆ ತಂಟೆ ಅನ್ನೋ ಭಯ. ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ ಕೊಡುವ ಈ ದಂಡ ಕ್ರಿಮಿನಲ್ ಕೇಸ್ ಅಲ್ಲ, ಲೈಸೆನ್ಸ್ ಮೇಲೆ ಪಾಯಿಂಟ್ ಕೂಡ ಬೀಳುವುದಿಲ್ಲ. ಆದರೆ ಒಮ್ಮೆ ಕಟ್ಟಿದರೆ ಕೇಸ್ ಅಲ್ಲಿಗೇ ಮುಗಿಯಿತು, ಆಮೇಲೆ ತಕರಾರು ಎತ್ತಲು ಬರುವುದಿಲ್ಲ.

ಮೊದಲು ನೋಟಿಸ್ ಕೊಟ್ಟವರು ಯಾರು ನೋಡಿ. ಖಾಸಗಿ ಕಂಪನಿಗಳ ಚೀಟಿಯ ಮೇಲೂ ಪಿಸಿಎನ್ ಅಂತಲೇ ಇರುತ್ತದೆ. ಅದರ ದಾರಿಯೇ ಬೇರೆ, ಮೇಲ್ಮನವಿ ಪಾಪ್ಲಾ ಅಥವಾ ಐಎಎಸ್ ಅನ್ನುವ, ಖಾಸಗಿ ಪಾರ್ಕಿಂಗ್ ತಕರಾರು ನೋಡುವ ಸಂಸ್ಥೆಗಳಿಗೆ ಹೋಗುತ್ತದೆ. ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡ್‌ನ ಕೌನ್ಸಿಲ್ ನೋಟಿಸ್ ಬಗ್ಗೆ ಮಾತ್ರ.

ಪರ್ಮಿಟ್ ಜಾಗದಲ್ಲಿ, ಅಂದರೆ ಪರವಾನಗಿ ಇದ್ದವರು ಮಾತ್ರ ಕಾರು ನಿಲ್ಲಿಸಬಹುದಾದ ಕಡೆ, ಎಡವುವುದು ಸುಲಭ. ಕೆಲವು ರಸ್ತೆಗಳಲ್ಲಿ ಪ್ರತಿ ಬೇ (ಗೆರೆ ಎಳೆದು ಗುರುತಿಸಿದ ಪಾರ್ಕಿಂಗ್ ಜಾಗ) ಪಕ್ಕದಲ್ಲೂ ಫಲಕ ಇರುತ್ತದೆ. ಇನ್ನು ಕೆಲವು ಕಡೆ ನೆಲದ ಮೇಲೆ ಒಂದು ಗೆರೆಯೂ ಇರಲ್ಲ. ಇಲ್ಲಿಂದ ಮುಂದೆ ಪರ್ಮಿಟ್ ಇದ್ದವರಿಗೆ ಮಾತ್ರ ಅನ್ನುವ ಬೋರ್ಡ್ ರಸ್ತೆಯ ಬಾಯಲ್ಲಿ ಇದ್ದರೆ ಅಷ್ಟೇ ಸಾಕು. ಇಡೀ ಪ್ರದೇಶಕ್ಕೇ ಪಾರ್ಕಿಂಗ್ ನಿರ್ಬಂಧ ಇರುವ ಕಂಟ್ರೋಲ್ಡ್ ಪಾರ್ಕಿಂಗ್ ಜೋನ್‌ನಲ್ಲಂತೂ, ಒಳಗಿನ ಹಳದಿ ಗೆರೆಗಳ ಮೇಲೆ ಕಾರು ನಿಲ್ಲಿಸಬಾರದ ಸಮಯ ಒಳಹೋಗುವ ಬೋರ್ಡಿನಲ್ಲೇ ಬರೆದಿರುತ್ತದೆ. ಲಂಡನ್‌ನ ವೆಂಬ್ಲಿ ಸ್ಟೇಡಿಯಂ ಸುತ್ತಮುತ್ತ ಪಂದ್ಯ ಇದ್ದ ದಿನಕ್ಕೆ ಬೇರೆ ನಿಯಮ. ಹಾಗಾಗಿ ‘ನನ್ನ ಕಾರಿನ ಎದುರು ಬೋರ್ಡ್ ಇರಲಿಲ್ಲ’ ಅನ್ನುವ ವಾದ ಒಂದೇ ನಿಲ್ಲುವುದಿಲ್ಲ. ‘ಈ ದೇಶಕ್ಕೆ ಹೊಸಬ, ಗೊತ್ತಾಗಲಿಲ್ಲ’ ಅನ್ನುವುದಂತೂ ಇನ್ನೂ ದುರ್ಬಲ.

ನಿಲ್ಲುವ ವಾದ ಬೇರೆ. 1996ರ ಟ್ರಾಫಿಕ್ ಆರ್ಡರ್ ನಿಯಮಗಳ 18ನೇ ನಿಯಮದ ಪ್ರಕಾರ, ರಸ್ತೆಯ ನಿರ್ಬಂಧ ಜನರಿಗೆ ಸರಿಯಾಗಿ ತಿಳಿಯುವಂಥ ಫಲಕ ಹಾಕಿ, ಅದನ್ನು ಚೆನ್ನಾಗಿ ಇಟ್ಟುಕೊಳ್ಳುವುದು ಕೌನ್ಸಿಲ್‌ನ ಹೊಣೆ. ಕೊಂಬೆ ಬೆಳೆದು ಬೋರ್ಡ್ ಮುಚ್ಚಿದೆಯಾ? ಕಂಬ ತಿರುಗಿ ಫಲಕ ಗೋಡೆ ಕಡೆ ನೋಡುತ್ತಿದೆಯಾ? ಎರಡು ಬೇ ನಡುವಿನ ಫಲಕದ ಬಾಣ ಅಳಿಸಿ, ಯಾವ ಕಡೆಗೆ ಪರ್ಮಿಟ್ ಬೇಕು ಅಂತಲೇ ತಿಳಿಯುತ್ತಿಲ್ಲವಾ? ಇಂಥದ್ದು ಹಿಡಿಯಿರಿ. ಅಕ್ಷರ ಸ್ವಲ್ಪ ಮಾಸಿದೆ ಅನ್ನುವ ಸಣ್ಣಪುಟ್ಟ ಕುಂದಿಗೆ ಕೇಸ್ ಗೆಲ್ಲುವುದು ಕಷ್ಟ. ಬೋರ್ಡ್ ಚೆಂದ ಇದೆಯಾ ಅಂತ ಯಾರೂ ನೋಡಲ್ಲ, ಓದಿದರೆ ಅರ್ಥ ಆಗುತ್ತಾ ಅಂತ ನೋಡುತ್ತಾರೆ.

ಫೋಟೋ ಅವತ್ತೇ ತೆಗೆಯಿರಿ. ಮಾರನೇ ವಾರ ಹೋದರೆ ಕೊಂಬೆ ಕತ್ತರಿಸಿರಬಹುದು! ಕಾರು ಮತ್ತು ಫಲಕ ಎರಡೂ ಒಟ್ಟಿಗೆ ಕಾಣುವ ಒಂದು, ಫಲಕದ ಹತ್ತಿರದ ಒಂದು, ನೀವು ರಸ್ತೆಗೆ ತಿರುಗಿದ ಕಡೆಯಿಂದ ಡ್ರೈವರ್ ಕಣ್ಣಿಗೆ ಕಾಣುವಂತೆ ಒಂದು. ಈ ಕೊನೆಯದನ್ನೇ ಎಲ್ಲರೂ ಮರೆಯುತ್ತಾರೆ, ಜಾಸ್ತಿ ಕೆಲಸಕ್ಕೆ ಬರುವುದೂ ಅದೇ. ಡ್ಯಾಶ್‌ಕ್ಯಾಮ್ ಇದ್ದರೆ ಆ ಕ್ಲಿಪ್ ಅಳಿಸಿಹೋಗುವ ಮುಂಚೆ ತೆಗೆದಿಡಿ. ಕೌನ್ಸಿಲ್ ಕೂಡ ತನ್ನ ಫೋಟೋ ತೆಗೆದಿರುತ್ತದೆ. ಸಾಮಾನ್ಯವಾಗಿ ನೋಟಿಸ್ ನಂಬರ್ ಹಾಕಿದರೆ ಅದನ್ನು ಆನ್‌ಲೈನ್‌ನಲ್ಲಿ ನೋಡಬಹುದು. ಅದರಲ್ಲಿ ಫಲಕವೇ ಕಾಣದಿದ್ದರೆ ಪತ್ರದಲ್ಲಿ ಹಾಗಂತ ಬರೆಯಿರಿ.

ಈಗ ಗಡುವಿನ ಲೆಕ್ಕ. ಲಂಡನ್ ಬಿಟ್ಟು ಇಂಗ್ಲೆಂಡ್‌ನ ಬಹಳಷ್ಟು ಕಡೆ ಪರ್ಮಿಟ್ ಇಲ್ಲದ ತಪ್ಪಿಗೆ 70 ಪೌಂಡ್, 14 ದಿನದೊಳಗೆ ಕಟ್ಟಿದರೆ 35. ಲಂಡನ್‌ನಲ್ಲಿ ಇದಕ್ಕಿಂತ ಜಾಸ್ತಿ. ಆ 14 ದಿನದೊಳಗೇ ಆನ್‌ಲೈನ್‌ನಲ್ಲಿ ತಕರಾರು ಸಲ್ಲಿಸಿ. ತಿರಸ್ಕಾರ ಆದರೂ ಸಾಮಾನ್ಯವಾಗಿ ಅರ್ಧ ದರಕ್ಕೆ ಇನ್ನೊಂದು ಅವಕಾಶ ಕೊಡುತ್ತಾರೆ. ಉದ್ದ ಕಥೆ ಬೇಡ. ಯಾವ ರಸ್ತೆ, ಯಾವ ಕಡೆಯಿಂದ ಬಂದಿರಿ, ಯಾವ ಬೋರ್ಡ್ ಕಾಣಲಿಲ್ಲ, ಯಾಕೆ, ಇಷ್ಟು ಸಾಕು.

ಕೌನ್ಸಿಲ್ ಒಪ್ಪದಿದ್ದರೆ, ನೀವೂ ಕಟ್ಟದಿದ್ದರೆ, ಮುಂದೆ ಕಾರಿನ ಮಾಲೀಕರ ಹೆಸರಿಗೆ ನೋಟಿಸ್ ಟು ಓನರ್ ಬರುತ್ತದೆ. ಅದಕ್ಕೆ 28 ದಿನದೊಳಗೆ ಅಧಿಕೃತವಾಗಿ ಉತ್ತರಿಸಬೇಕು. ಕೌನ್ಸಿಲ್ 56 ದಿನದೊಳಗೆ ಮರುಉತ್ತರ ಕೊಡದಿದ್ದರೆ ನಿಮ್ಮ ವಾದ ಒಪ್ಪಿದಂತೆಯೇ ಲೆಕ್ಕ. ಈ ನೋಟಿಸ್ ವಾಹನ ನೋಂದಣಿ ನೋಡಿಕೊಳ್ಳುವ ಡಿವಿಎಲ್‌ಎಯಲ್ಲಿ ಇರುವ ವಿಳಾಸಕ್ಕೆ ಹೋಗುತ್ತದೆ. ಬಾಡಿಗೆ ಮನೆ ಬದಲಾಯಿಸುತ್ತಲೇ ಇರುವ ನಮ್ಮವರು ಸಿಕ್ಕಿಕೊಳ್ಳುವುದು ಇಲ್ಲೇ. ಮನೆ ಬದಲಾದ ಕೂಡಲೇ ಕಾರಿನ ನೋಂದಣಿ ಪತ್ರವಾದ ವಿ5ಸಿಯಲ್ಲಿ ವಿಳಾಸ ತಿದ್ದಿಸಿ. ಇಲ್ಲದಿದ್ದರೆ ಪತ್ರ ಹಳೇ ಮನೆಯಲ್ಲೇ ಬಿದ್ದಿರುತ್ತದೆ, ದಂಡ ಶೇ. 50ರಷ್ಟು ಏರುತ್ತದೆ, ಸಾಲ ವಸೂಲಿ ಮಾಡುವ ಬೇಲಿಫ್ ಬಾಗಿಲಿಗೆ ಬಂದಾಗಲೇ ವಿಷಯ ಗೊತ್ತಾಗುವುದು.

ಆ ಅಧಿಕೃತ ಉತ್ತರವನ್ನೂ ಕೌನ್ಸಿಲ್ ತಿರಸ್ಕರಿಸಿದರೆ ಸ್ವತಂತ್ರ ಟ್ರಿಬ್ಯುನಲ್ ಇದೆ. ಲಂಡನ್‌ನಲ್ಲಿ ಬಿದ್ದ ನೋಟಿಸ್‌ಗೆ ಲಂಡನ್ ಟ್ರಿಬ್ಯುನಲ್ಸ್, ಉಳಿದ ಕಡೆಯದಕ್ಕೆ ಟ್ರಾಫಿಕ್ ಪೆನಾಲ್ಟಿ ಟ್ರಿಬ್ಯುನಲ್. ತಿರಸ್ಕಾರದ ಪತ್ರ ಬಂದ 28 ದಿನದೊಳಗೆ ಅರ್ಜಿ ಹಾಕಬೇಕು. ಶುಲ್ಕ ಇಲ್ಲ, ವಕೀಲರೂ ಬೇಡ. ಇಷ್ಟರಲ್ಲಿ ಅರ್ಧ ದರ ಕೈತಪ್ಪಿರುತ್ತದೆ, ಹಾಗಾಗಿ 35 ಪೌಂಡ್ ಉಳಿಸಲು 70ರ ಮೇಲೆ ಬಾಜಿ ಕಟ್ಟಿದಂತೆ. ಫೋಟೋ ಗಟ್ಟಿ ಇದ್ದರೆ ಖಂಡಿತ ಹೋಗಿ. ಬರೀ ಕೋಪ ಇದ್ದರೆ ಅರ್ಧ ದರ ಸಿಗುವಾಗಲೇ 35 ಕಟ್ಟಿ ಬಿಟ್ಟುಬಿಡಿ.