ಕರುಳಿನ ಬ್ಯಾಕ್ಟೀರಿಯಾಕ್ಕಾಗಿ ಬಾಳೆಕಾಯಿ ಹುಡಿ: ಮಾಡುವ ಮತ್ತು ಉಣ್ಣುವ ಕ್ರಮ

ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಮುಂದೆ ಸಾಗುವ ಪಿಷ್ಟವನ್ನು ದೊಡ್ಡ ಕರುಳಿನಲ್ಲಿ ಒಡೆಯುವವುಗಳ ಪೈಕಿ ಮುಖ್ಯವಾದದ್ದು ರುಮಿನೊಕಾಕಸ್ ಬ್ರೋಮಿ ಎಂಬ ಬ್ಯಾಕ್ಟೀರಿಯಾ. ಆಮ್ಲಜನಕವಿಲ್ಲದ ಕಡೆ ಮಾತ್ರ ಇದು ಬೆಳೆಯುತ್ತದೆ. ಸ್ಕಾಟ್ಲೆಂಡಿನ ಅಬರ್ಡೀನ್‌ನ ಸಂಶೋಧಕರು ಕರುಳಿನ ಇತರ ಮೂರು ಬ್ಯಾಕ್ಟೀರಿಯಾಗಳೊಂದಿಗೆ ಇದನ್ನು ಹೋಲಿಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಈ ಗಟ್ಟಿ ಪಿಷ್ಟವನ್ನು ಒಡೆಯುವುದರಲ್ಲಿ ಇದು ಉಳಿದವುಗಳಿಗಿಂತ ಬಹಳ ಮುಂದಿತ್ತು. ಇದು ಜೊತೆಗಿದ್ದಾಗ ಉಳಿದವೂ ಅದೇ ಪಿಷ್ಟವನ್ನು ಹೆಚ್ಚು ಬಳಸಿಕೊಂಡವು. ಕರುಳಿನ ಒಳಪದರದ ಕೋಶಗಳಿಗೆ ಶಕ್ತಿ ಕೊಡುವ ಬ್ಯುಟಿರೇಟನ್ನು ಇದು ತಾನಾಗಿ ತಯಾರಿಸುವುದಿಲ್ಲವಾದರೂ, ಅದನ್ನು ತಯಾರಿಸುವ ನೆರೆಯ ಬ್ಯಾಕ್ಟೀರಿಯಾಗಳು ಇದು ಬಿಡಿಸಿಕೊಟ್ಟ ಸಕ್ಕರೆಯನ್ನು ಉಂಡು ಬೆಳೆಯುತ್ತವೆ.

ಇದಕ್ಕೆ ಬೇಕಾದ ಆಹಾರ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲೇ ಇದೆ. 2021ರಲ್ಲಿ ಬಾಕಾಹು ಎಂಬ ಹೆಸರಿನಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮನೆಮನೆಗಳಲ್ಲಿ ತಯಾರಾದ ಬಾಳೆಕಾಯಿ ಹುಡಿ ಈ ಕೆಲಸಕ್ಕೆ ಬಹಳ ಯೋಗ್ಯವಾದದ್ದು. ಆದರೆ ಅದನ್ನು ಬಿಸಿಯಿಂದ ಕಾಪಾಡಬೇಕು.

ಬಲಿತ, ಆದರೆ ಬಣ್ಣ ತಿರುಗದ ಕಾಯಿಗಳನ್ನೇ ಆರಿಸಿ. ಹಣ್ಣಾಗತೊಡಗಿದೊಡನೆ ಪಿಷ್ಟವು ಸಕ್ಕರೆಯಾಗುತ್ತ ಹೋಗುತ್ತದೆ. ಕೈಗೆ ಎಣ್ಣೆ ಸವರಿಕೊಂಡು ಸಿಪ್ಪೆ ತೆಗೆದು, ತೆಳುವಾಗಿ ಹೆಚ್ಚಿ, ಕಪ್ಪಾಗದಂತೆ ಹುಳಿ ಮಜ್ಜಿಗೆ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಬಸಿಯಿರಿ. ಬಿಸಿಲಿನಲ್ಲಿ ಒಣಗಿಸುವುದು ಸರಳ. ಅಡಿಕೆಯ ಡ್ರೈಯರ್ ಇದ್ದವರು ಅದನ್ನು ಬಳಸಬಹುದು, ಆದರೆ ಶಾಖ 50 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಏಕೆಂದರೆ ಹಸಿ ಹೋಳು 65 ಡಿಗ್ರಿಯ ಆಚೆ ಹೋದರೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ, ಸಣ್ಣ ಕರುಳಿನಲ್ಲೇ ಜೀರ್ಣವಾಗುವಂತಾಗುತ್ತವೆ. ಮುರಿದರೆ ಚಟಕ್ಕೆನ್ನುವಷ್ಟು ಒಣಗಿದ ಹೋಳುಗಳನ್ನು ಮಿಕ್ಸರ್ ಬಿಸಿಯೇರದಂತೆ ಸ್ವಲ್ಪಸ್ವಲ್ಪವಾಗಿ ಹುಡಿ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಕಾರವಾರ, ಕುಮಟಾದಂತಹ ಕರಾವಳಿಯ ಊರುಗಳಲ್ಲಿ ಮಳೆಗಾಲದ ತೇವಕ್ಕೆ ಹುಡಿ ಬೇಗ ಬೂಷ್ಟು ಹಿಡಿಯುವುದರಿಂದ ಅಲ್ಲಿಯವರು ಫ್ರಿಜ್ಜಿನಲ್ಲಿಡುವುದು ಒಳ್ಳೆಯದು.

ಈ ಹುಡಿಯ ರೊಟ್ಟಿ, ದೋಸೆ ರುಚಿಯಾಗಿಯೇ ಇರುತ್ತವೆ. ಆದರೆ ಬೇಯಿಸಿದಾಗ ಬ್ಯಾಕ್ಟೀರಿಯಾಕ್ಕೆ ಸಲ್ಲಬೇಕಾದ ಪಾಲು ಬಹುಮಟ್ಟಿಗೆ ಕಳೆದುಹೋಗುತ್ತದೆ. ಆದ್ದರಿಂದ ತಣ್ಣನೆಯ ಮಜ್ಜಿಗೆಗೋ ತಂಬುಳಿಗೋ ಒಂದು ಚಹಾ ಚಮಚ ಹಸಿ ಹುಡಿ ಕದಡಿ ಕುಡಿಯಿರಿ. ಒಮ್ಮೆಲೇ ಹೆಚ್ಚು ತೆಗೆದುಕೊಂಡರೆ ಹೊಟ್ಟೆಯುಬ್ಬರ ಬರುವುದರಿಂದ ವಾರಕ್ಕಿಷ್ಟರಂತೆ ಏರಿಸಿ.

ಅನ್ನದಿಂದಲೂ ಸ್ವಲ್ಪ ನೆರವಾಗುತ್ತದೆ. ಇಂಡೋನೇಷ್ಯಾದಲ್ಲಿ 2015ರಲ್ಲಿ ಅಳೆದಾಗ 100 ಗ್ರಾಂ ಬಿಸಿ ಬಿಳಿ ಅನ್ನದಲ್ಲಿ 0.64 ಗ್ರಾಂ ಇದ್ದ ಇಂತಹ ಪಿಷ್ಟ, 24 ಗಂಟೆ 4 ಡಿಗ್ರಿಯಲ್ಲಿಟ್ಟು ಮತ್ತೆ ಬಿಸಿ ಮಾಡಿದ ಅನ್ನದಲ್ಲಿ 1.65 ಗ್ರಾಂ ಆಗಿತ್ತು. ಆದರೆ ಕರಾವಳಿಯ ಸೆಕೆಯಲ್ಲಿ ಅನ್ನವನ್ನು ರಾತ್ರಿಯಿಡೀ ಹೊರಗಿಡಬೇಡಿ. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಮೊಳೆತು ವಿಷ ಬಿಟ್ಟರೆ, ವಾಂತಿ ತರಿಸುವ ಆ ವಿಷ ಮರುಬಿಸಿಗೂ ನಾಶವಾಗುವುದಿಲ್ಲ. ಅಗಲವಾದ ತಟ್ಟೆಯಲ್ಲಿ ಹರಡಿ, ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.

ಫಲ ಎಲ್ಲರಲ್ಲೂ ಒಂದೇ ತೆರನಾಗಿರುವುದಿಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 14 ಗಂಡಸರಿಗೆ ಇಂತಹ ಪಿಷ್ಟ ಉಣಿಸಿದಾಗ, ರುಮಿನೊಕಾಕಸ್ ಬ್ರೋಮಿಯ ಗುಂಪಿನ ಬ್ಯಾಕ್ಟೀರಿಯಾ ತೀರಾ ಕಡಿಮೆಯಿದ್ದ ಇಬ್ಬರಲ್ಲಿ ಆ ಪಿಷ್ಟದ ದೊಡ್ಡ ಪಾಲು ಹಾಗೆಯೇ ಹೊರಬಿತ್ತು. ಕರುಳಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.