‘ಉಳು’ ಹುಳುವಾದ ಬಗೆ: ನನ್ನ ತರಗತಿಯ ಅನುಭವ

“ಕಾಗುಣಿತವೇ ನೆಟ್ಟಗೆ ಬಾರದ ಮಕ್ಕಳ ಕೈಲಿ ಸ್ವಂತವಾಗಿ ಬರೆಸ್ತೀರಾ ಮೇಡಂ?” ಮೂರು ವರ್ಷದ ಹಿಂದೆ ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ನನಗೆ ಸಿಕ್ಕ ಮಾತಿದು. ಈಗ ಅಲ್ಲಿದ್ದವರೇ ಫೋನ್ ಮಾಡಿ, ಮಕ್ಕಳ ಕೈಲಿ ಹೇಗೆ ಬರೆಸಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟದ ಕಡೆಯ ಸರ್ಕಾರಿ ಶಾಲೆ. ನಾಲ್ಕು, ಐದನೇ ತರಗತಿ ಸೇರಿ ನನ್ನ ಕೋಣೆಯಲ್ಲಿ 27 ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಜನರ ಮನೆಮಾತು ತೆಲುಗು. ಒಂದರಿಂದ ಮೂರನೇ ತರಗತಿಯ ಚಟುವಟಿಕೆ ಕಲಿಕೆಯಾದ ನಲಿಕಲಿಯಲ್ಲಿ ರ ಗ ಸ ದ ಅ ಅನ್ನುವ ಕ್ರಮದಲ್ಲಿ ಅಕ್ಷರ ಕಲಿತು ಬಂದವರು. ಓದು ಪರವಾಗಿಲ್ಲ. ಬರೆಯಿರಿ ಅಂದರೆ ಮಾತ್ರ ಪೆನ್ಸಿಲ್ ಕಚ್ಚುತ್ತಾ ಕೂರುತ್ತಿದ್ದರು.

ಮೊದಲ ವರ್ಷ ಪೂರ್ತಿ ಹಾಳಾಯಿತು. ‘ನನ್ನ ಶಾಲೆ’, ‘ಹಸು’ ಅಂತ ವಿಷಯ ಕೊಟ್ಟೆ. ಎಲ್ಲ ಪುಸ್ತಕದಲ್ಲೂ ಅದೇ ಸಾಲು: ಹಸು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲು. ಬೆಳಗ್ಗೆ ಐದಕ್ಕೆ ಎದ್ದು ಡೈರಿಗೆ ಹಾಲು ಹಾಕಿ ಬರುವ ಹುಡುಗನೂ ‘ಹಸು ನಮಗೆ ಹಾಲು ಕೊಡುತ್ತದೆ’ ಅಂತ ಬರೆದಿದ್ದ. ನಾನು ಕೆಂಪು ಪೆನ್ನಿನಲ್ಲಿ ತಿದ್ದಿದ್ದೂ ತಿದ್ದಿದ್ದೇ. ಸಂಕ್ರಾಂತಿ ಹೊತ್ತಿಗೆ ಅವರು ಇನ್ನೂ ಕಡಿಮೆ ಬರೆಯತೊಡಗಿದರು. ಕಡಿಮೆ ಬರೆದರೆ ತಪ್ಪೂ ಕಡಿಮೆ, ಅಲ್ವಾ?

ಎರಡನೇ ವರ್ಷ ಪುಸ್ತಕ ಮಾಡುವ ಹುಚ್ಚು ಹಿಡಿಯಿತು. ಚೆನ್ನಾಗಿ ಬರೆದ ಹಾಳೆ ಆರಿಸಿ ಜೆರಾಕ್ಸ್ ಮಾಡಿಸಿದೆ. ಸುಮಾರು 40 ಪುಟ, 30 ಪ್ರತಿ, ಪುಟಕ್ಕೆ 2 ರೂಪಾಯಿ. 2,400 ರೂಪಾಯಿ ನನ್ನ ಕೈಯಿಂದಲೇ ಹೋಯಿತು. ಪೆನ್ಸಿಲ್ ಬರಹ ಜೆರಾಕ್ಸಿನಲ್ಲಿ ಮಾಸಿ ಅರ್ಧ ಪುಟ ಓದಲೇ ಆಗಲಿಲ್ಲ. ದುಡ್ಡು ಹೋದರೆ ಹೋಯಿತು. ಆರಿಸುವಾಗ ದುಂಡಗಿನ ಅಕ್ಷರದ ಎಂಟು ಹತ್ತು ಮಕ್ಕಳೇ ಬಂದರು. ಉಳಿದವರು ಆಮೇಲೆ ಎರಡು ತಿಂಗಳು ನನಗೆ ಒಂದು ಹಾಳೆಯನ್ನೂ ಕೊಡಲಿಲ್ಲ. ಅದು ಇವತ್ತಿಗೂ ನೋವಾಗುತ್ತದೆ.

ಗೋಡೆ ಪತ್ರಿಕೆಯನ್ನೂ ಮಾಡಿದೆ. ಮೈದಾ ಅಂಟು ಹಾಕಿ ಅಂಟಿಸಿದ್ದನ್ನು ಇಲಿ ತಿಂದವು. ಈಗ ಹಾಳೆ ತೂಗುಹಾಕಲು ಒಂದು ದಾರ, ಬಟ್ಟೆ ಕ್ಲಿಪ್ಪು. 60 ರೂಪಾಯಿಯ ಕ್ಲಿಪ್ಪು ಎರಡು ವರ್ಷದಿಂದ ಬರುತ್ತಿದೆ. ಹಾಳೆಗೆ ಹಳೇ ಕ್ಯಾಲೆಂಡರಿನ ಹಿಂಬದಿ.

ಕೈ ಹಿಡಿದದ್ದು ಬೇರೆಯೇ. ಬೆಳಗ್ಗೆ ಹಾಲು ಕುಡಿದ ಮೇಲೆ ದಿನಕ್ಕೆ ಇಬ್ಬರು ತಾವು ಬರೆದದ್ದನ್ನು ಎದ್ದು ಓದುತ್ತಾರೆ. ವಿಷಯ ನಾನು ಕೊಡಲ್ಲ. ಒಂದೇ ಕರಾರು: ನನಗೆ ಗೊತ್ತಿಲ್ಲದ್ದನ್ನು ಬರೆಯಬೇಕು. ಓದಿದ ಮೇಲೆ ಉಳಿದ ಮಕ್ಕಳು ಮೂರು ಪ್ರಶ್ನೆ ಕೇಳುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ಉತ್ತರವನ್ನು ಓದಿದವರೇ ಕೆಳಗೆ ಸೇರಿಸಿ ಬರೆಯಬೇಕು, ಆಮೇಲೆ ಹಾಳೆ ದಾರಕ್ಕೆ. ಎಲ್ಲಾ ಹಾಳೆಯೂ ದಾರಕ್ಕೆ, ಆರಿಸುವುದಿಲ್ಲ.

ಒಂದು ದಿನ ನಾಲ್ಕನೇ ತರಗತಿಯ ಹುಡುಗಿ ಎದ್ದಳು. ಜೂನ್‌ನಿಂದ ಬಾಯಿ ಬಿಡದವಳು. ಅವಳ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಬರೆದದ್ದು ಮೂರೇ ಸಾಲು: “ನಮ್ಮ ಉಳುಗೆ ಜ್ವರ ಬಂದಿದೆ. ಮಾ ಅಮ್ಮ ಸೊಪ್ಪು ಹಾಕಿಲ್ಲ. ನಾಳೆ ಹಾಕುತ್ತಾಳೆ.” ಹಾಳೆ ನೋಡಿ ಪಕ್ಕದ ಹುಡುಗ, “ಉಳು ಅಂದ್ರೆ ಹೊಲ ಉಳೋದಲ್ವಾ?” ಅಂದ. ಅವಳು ಒಂದು ಗಳಿಗೆ ನಿಂತು ‘ಉ’ ಹೊಡೆದು ‘ಹು’ ಮಾಡಿದಳು. ಮೊದಲ ವರ್ಷವಿಡೀ ನಾನು ತಿದ್ದಿದರೂ ಮಕ್ಕಳಿಂದ ಹೋಗದ ತಪ್ಪು ಅದು. ಹೊಲದ ಕಡೆಯ ಇನ್ನೊಬ್ಬ, “ಜ್ವರ ಬಂದ್ರೆ ಮಾತ್ರೆ ಕೊಡ್ತೀರಾ?” ಅಂದ. ಆಗ ಶುರುವಾಯಿತು ನೋಡಿ ಅವಳ ಮಾತು. ಅದು ಕಾಯಿಲೆ ಅಲ್ಲ, ಹುಳು ತಲೆ ಎತ್ತಿಕೊಂಡು ಸುಮ್ನೆ ಇರುತ್ತೆ, ಸೊಪ್ಪು ಮುಟ್ಟಲ್ಲ, ಹಳೇ ಚರ್ಮ ಬಿಡುತ್ತೆ, ಹೀಗೆ ನಾಲ್ಕು ಸಲ, ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿಯೂ ಸೊಪ್ಪು ಹಾಕಬೇಕು, ಹಣ್ಣಾದ ಮೇಲೆ, ಅಂದರೆ ಗೂಡು ಕಟ್ಟೋ ಹೊತ್ತಿಗೆ, ಚಂದ್ರಂಕಿಗೆ (ಗೂಡು ಕಟ್ಟಿಸೋ ತಟ್ಟೆಗೆ) ಬಿಡಬೇಕು. ಅರ್ಧ ತೆಲುಗು, ಅರ್ಧ ಕನ್ನಡ. ಮಧ್ಯಾಹ್ನದೊಳಗೆ ಹದಿನಾಲ್ಕು ಸಾಲಾಗಿತ್ತು. ತೆಲುಗಿನ ‘ಮಾ ಅಮ್ಮ’ ಅನ್ನುವುದನ್ನು ನಾನು ಮುಟ್ಟಲಿಲ್ಲ. ಮುಂದಿನ ತಿಂಗಳು ಅವಳೇ ‘ನಮ್ಮಮ್ಮ’ ಅಂತ ಬರೆದಳು.

ಬಾಯಿ ಬಿಡದ ಮಗು ಮೊದಲ ಸಲ ಏಳುವಂತೆ ಮಾಡಲು ನನ್ನದೊಂದು ಉಪಾಯವಿದೆ. ಅದನ್ನು ಬರೆದರೆ ತಪ್ಪಾಗಿ ಮಾಡುತ್ತಾರೆ. ತರಗತಿಗೆ ಬನ್ನಿ, ತೋರಿಸುತ್ತೇನೆ.

ಮಧ್ಯೆ ಫೋನಿನಲ್ಲಿ ಓದು ರೆಕಾರ್ಡ್ ಮಾಡಿ ನೋಡಿದೆ. ಮಕ್ಕಳು ಒಬ್ಬರಿಗೊಬ್ಬರು ಓದುವುದು ಬಿಟ್ಟು ಫೋನಿಗೆ ಓದತೊಡಗಿದರು. ಒಂದೇ ವಾರಕ್ಕೆ ನಿಲ್ಲಿಸಿದೆ. ಪೋಸ್ಟ್‌ಕಾರ್ಡು ಮಾತ್ರ ಚೆನ್ನಾಗಿ ಹೋಯಿತು. ಕಾರ್ಡಿಗೆ 50 ಪೈಸೆ, ಮೂವತ್ತಕ್ಕೆ 15 ರೂಪಾಯಿ. ಶ್ರೀನಿವಾಸಪುರದ ಕಡೆ ಮಾವಿನ ತೋಟಗಳ ಮಧ್ಯೆ ನನ್ನ ಗೆಳತಿಯ ಶಾಲೆ ಇದೆ, ಅಲ್ಲಿಗೆ ಬರೆದರು. ನಾಲ್ಕು ಕಾರ್ಡಿನಲ್ಲಿ ಪಿನ್‌ಕೋಡ್ ಬರೆಯುವ ಜಾಗದಲ್ಲಿ ಅಪ್ಪನ ಮೊಬೈಲ್ ನಂಬರ್ ಇತ್ತು. ತೋತಾಪುರಿ, ಬಾದಾಮಿ ಮಾವಿನ ಬಗ್ಗೆ ಆ ಮಕ್ಕಳು ಉತ್ತರ ಬರೆದಾಗ ನಮ್ಮವರು ಮತ್ತೆ ಪ್ರಶ್ನೆ ಕೇಳಿದರು. ಮೂರು ಸುತ್ತು ಆಯಿತು.

ಜೂನ್‌ನಲ್ಲಿ ಸರಾಸರಿ ನಾಲ್ಕು ಸಾಲು ಬರೆಯುತ್ತಿದ್ದವರು ಫೆಬ್ರವರಿಗೆ ಹದಿಮೂರು, ಹದಿನಾಲ್ಕಕ್ಕೆ ಬಂದರು. 27ರಲ್ಲಿ 23 ಮಕ್ಕಳು ಯಾರನ್ನೂ ಕೇಳದೆ ಬರೆಯುತ್ತಾರೆ. ಉಳಿದ ನಾಲ್ವರು ಹೇಳುತ್ತಾರೆ, ಗೆಳೆಯರು ಬರೆದುಕೊಡುತ್ತಾರೆ. ಅವರ ಕೈಗೂ ಪೆನ್ಸಿಲ್ ಬರುವವರೆಗೆ ಬಿಡುವವಳಲ್ಲ ನಾನು. ಪೂರ್ತಿ ವರ್ಷದ ಖರ್ಚು 400 ರೂಪಾಯಿ ದಾಟಿಲ್ಲ. ನಮ್ಮ ಕ್ಲಸ್ಟರಿನಲ್ಲಿ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನಲ್ಲಿ, ಇಷ್ಟು ಬರೆಯುವ ಮಕ್ಕಳು ಇನ್ನೊಂದು ಕಡೆ ಇದ್ದರೆ ನಾನೇ ಹೋಗಿ ನೋಡುತ್ತೇನೆ.

ರೇಷ್ಮೆ ಗೂಡು ಮಾರಿದ ಮಾರನೇ ದಿನ ಆ ಹುಡುಗಿಯ ಅಮ್ಮ ಶಾಲೆಗೆ ಬಂದಿದ್ದರು. ದಾರದ ಹತ್ತಿರ ನಿಂತು ಮಗಳ ಕೈಲಿ ಆ ಹಾಳೆ ಓದಿಸಿದರು. ಕೊನೆಯವರೆಗೂ ಕೇಳಿ, “ರೇಟೇ ಬರೆದಿಲ್ಲವಲ್ಲೇ” ಅಂತ ತೆಲುಗಿನಲ್ಲಿ ಅಂದರು. ಮಗಳು ಕ್ಲಿಪ್ಪು ತೆಗೆದು, ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ಹದಿನೈದನೇ ಸಾಲು ಬರೆದಳು.